ಗ್ರೋ ಟೆಂಟ್ ಒಳಗೆ ಸೆಕೆ ಇಳಿಯುತ್ತಿಲ್ಲವಾ? ಫ್ಯಾನ್ ಬದಲಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್‌ನ ಒಂದು ಮಧ್ಯಾಹ್ನ ಗ್ರೋ ಟೆಂಟ್‌ನ, ಅಂದರೆ ಮನೆಯೊಳಗೆ ದೀಪದ ಬೆಳಕಲ್ಲಿ ಗಿಡ ಬೆಳೆಸುವ ಬಟ್ಟೆಯ ಗೂಡಿನ, ಜಿಪ್ ಎಳೆದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಳಗೆ ನೇತುಹಾಕಿದ್ದ ಮೀಟರ್‌ನಲ್ಲಿ 39 ಡಿಗ್ರಿ. ಲೆಟ್ಯೂಸ್ ಗಿಡಗಳ ನಡುವಿನಿಂದ ಉದ್ದನೆಯ ದಂಟು ಎದ್ದು ಹೂ ಬಿಡುವುದಕ್ಕೆ ತಯಾರಾಗಿತ್ತು. ಒಂದು ಎಲೆ ಕಿತ್ತು ಬಾಯಿಗೆ ಹಾಕಿದೆ. ಹಾಗಲಕಾಯಿಯೇ ವಾಸಿ ಅನಿಸಿತು.

ನನ್ನ ವ್ಯವಸ್ಥೆ ಹೀಗಿದೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. 10 ಅಡಿಗೆ 10 ಅಡಿಯ ಚಿಕ್ಕ ರೂಮು. ಅದರಲ್ಲಿ 4 ಅಡಿ ಉದ್ದ, 4 ಅಡಿ ಅಗಲ, ಆರೂವರೆ ಅಡಿ ಎತ್ತರದ ಟೆಂಟ್. ಒಳಗೆ 240 ವಾಟ್‌ನ ಎಲ್‌ಇಡಿ ದೀಪ. ಮೇಲೆ 4 ಇಂಚಿನ ಇನ್‌ಲೈನ್ ಫ್ಯಾನ್ (ಪೈಪಿಗೆ ಜೋಡಿಸಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುವಂಥದ್ದು), ಅದಕ್ಕೆ ಕಿಟ್ ಜೊತೆಗೇ ಬಂದಿದ್ದ ಕಾರ್ಬನ್ ಫಿಲ್ಟರ್. ಬೆಳೆಯುವುದು ಲೆಟ್ಯೂಸ್, ಬೇಸಿಲ್, ಒಂದಿಷ್ಟು ಪಾಲಕ್.

ಸೆಕೆ ಆದರೆ ಎಲ್ಲರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ದೊಡ್ಡ ಫ್ಯಾನ್ ತಂದೆ. 6 ಇಂಚಿನದ್ದು, ಡಬ್ಬಿಯ ಮೇಲೆ 400 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವ ಲೆಕ್ಕ) ಅಂತ ಬರೆದಿತ್ತು. ಜೋಡಿಸಿ ಒಂದು ಗಂಟೆ ಬಿಟ್ಟು ನೋಡಿದರೆ ಮೀಟರ್ 38. ಅಷ್ಟು ದುಡ್ಡಿಗೆ ಒಂದೇ ಒಂದು ಡಿಗ್ರಿ! ಆಮೇಲೆ ಕೂತು ಒಂದೊಂದಾಗಿ ಅಳೆದಾಗಲೇ ಗೊತ್ತಾಗಿದ್ದು, ತೊಂದರೆ ಟೆಂಟ್‌ನಲ್ಲಿ ಇರಲೇ ಇಲ್ಲ, ರೂಮಿನಲ್ಲಿತ್ತು. ನಾನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಇದೇ ಕ್ರಮದಲ್ಲಿ ನೋಡಿ, ಯಾಕೆಂದರೆ ಖರ್ಚಿಲ್ಲದ್ದು ಮೊದಲು ಬರುತ್ತದೆ.

ಮೀಟರ್ ನಿಜ ಹೇಳುತ್ತಿದೆಯಾ?

ನನ್ನ ಮೀಟರ್ ದೀಪದ ನೇರ ಕೆಳಗೆ ತೂಗುತ್ತಿತ್ತು. ಬೆಳಕು ನೇರವಾಗಿ ಬಿದ್ದರೆ ಮೀಟರಿನ ಪ್ಲಾಸ್ಟಿಕ್ ಮೈಯೇ ಕಾಯುತ್ತದೆ. ಅದು ಗಾಳಿಯ ಬಿಸಿಯಲ್ಲ, ತನ್ನ ಮೈ ಬಿಸಿಯನ್ನು ತೋರಿಸುತ್ತದೆ. ಒಂದು ಬಿಳಿ ಪೇಪರ್ ಲೋಟ ತೆಗೆದುಕೊಂಡು ಸುತ್ತ ನಾಲ್ಕೈದು ತೂತು ಕೊರೆದೆ. ಅದನ್ನು ಬೋರಲು ಹಾಕಿ ಮೀಟರಿಗೆ ಟೋಪಿಯ ಹಾಗೆ ತೊಡಿಸಿ, ಗಿಡದ ತುದಿಯ ಎತ್ತರಕ್ಕೆ ಕಟ್ಟಿದೆ. ಕಾಲು ಗಂಟೆಯಲ್ಲಿ 38 ಇದ್ದದ್ದು 35ಕ್ಕೆ ಬಂತು. ಅಂದರೆ ಮೂರು ಡಿಗ್ರಿ ಸುಮ್ನೆ ಸುಳ್ಳು.

ಮೀಟರ್ ಅಗ್ಗದ್ದಾದರೆ ಇನ್ನೆರಡು ಪರೀಕ್ಷೆ ಮಾಡಿ. ನೀರಿಗೆ ಇಳಿಸಬಹುದಾದ ಪ್ರೋಬ್ ಇದ್ದರೆ, ಐಸ್ ಪುಡಿ ಮಾಡಿ ಸ್ವಲ್ಪ ನೀರು ಬೆರೆಸಿ ಅದರೊಳಗೆ ಇಡಿ. ಸೊನ್ನೆ ಬರಬೇಕು. ತೇವಾಂಶಕ್ಕೆ ಅಡುಗೆ ಉಪ್ಪೇ ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಮಾತ್ರ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಶೇಕಡಾ 75ರ ಹತ್ತಿರ ಇರಬೇಕು. ನನ್ನದು 68 ತೋರಿಸಿತು. ಅವತ್ತಿನಿಂದ ಏಳು ಸೇರಿಸಿಕೊಂಡು ಓದುತ್ತೇನೆ. ಹೊಸದೇನೂ ಕೊಂಡಿಲ್ಲ.

ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇಟ್ಟುಕೊಂಡವರಿಗೆ ಒಂದು ಮಾತು. ಟೆಂಟ್ ಒಳಗಿನ ಬೆಳ್ಳಿ ಬಣ್ಣದ ಗೋಡೆಗೆ ಗನ್ ಹಿಡಿಯಬೇಡಿ. ಅದು ಕನ್ನಡಿ ಇದ್ದ ಹಾಗೆ. ಗೋಡೆಯ ಬಿಸಿ ಬಿಟ್ಟು ಎದುರಿಗಿರುವ ದೀಪದ್ದನ್ನೋ ನಿಮ್ಮ ಕೈಯದ್ದನ್ನೋ ತೋರಿಸುತ್ತದೆ. ಎಲೆಗೆ ಹಿಡಿದರೆ ಸರಿ. ಗೋಡೆಯದ್ದೇ ಬೇಕಿದ್ದರೆ ಅಲ್ಲೊಂದು ತುಂಡು ಪೇಪರ್ ಟೇಪ್ ಅಂಟಿಸಿ ಅದಕ್ಕೆ ಹಿಡಿಯಿರಿ.

ಮೂರು ಜಾಗದ ಅಳತೆ

ಈಗ ಮೀಟರ್ ನಂಬಬಹುದು. ದೀಪ ಹಚ್ಚಿ ಕನಿಷ್ಠ ಎರಡು ಗಂಟೆ ಆದ ಮೇಲೆ ಮೂರು ಕಡೆ ಅಳೆಯಿರಿ: ಗಾಳಿ ಒಳಗೆ ಬರುವ ಕೆಳಗಿನ ಬಾಯಿಯ ಹತ್ತಿರ (ಟೆಂಟ್‌ನ ಹೊರಗೆ), ಗಿಡದ ತುದಿಯಲ್ಲಿ, ಗಾಳಿ ಹೊರಗೆ ಹೋಗುವ ಪೈಪಿನ ಬಾಯಲ್ಲಿ. ಒಂದೇ ಮೀಟರ್ ಇದ್ದರೆ ಪ್ರತಿ ಕಡೆ ಹತ್ತು ನಿಮಿಷ ಇಟ್ಟು ನೋಡಿ.

ನನ್ನದು ಹೀಗಿತ್ತು. ಒಳಗೆ ಬರುವ ಗಾಳಿ 32.8, ಗಿಡದ ಹತ್ತಿರ 35, ಹೊರಗೆ ಹೋಗುವ ಗಾಳಿ 35.4.

ಈ ಮೂರು ಅಂಕಿಯಲ್ಲಿ ಅರ್ಧ ಉತ್ತರ ಇದೆ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಬದಲಾಯಿಸುತ್ತದೆ ಅಷ್ಟೇ. ಹಾಗಾಗಿ ಟೆಂಟ್ ತಾನು ಎಳೆದುಕೊಳ್ಳುವ ಗಾಳಿಗಿಂತ ತಂಪಾಗುವ ಮಾತೇ ಇಲ್ಲ. ನನ್ನ ಟೆಂಟ್ ಎಳೆಯುತ್ತಿದ್ದ ಗಾಳಿಯೇ 32.8. ಇನ್ನೂ ದೊಡ್ಡ ಫ್ಯಾನ್ ಹಾಕಿದ್ದರೂ, ಸ್ವರ್ಗದಿಂದಲೇ ಫ್ಯಾನ್ ಇಳಿದು ಬಂದರೂ, 32.8ಕ್ಕಿಂತ ಕೆಳಗೆ ಹೋಗುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಹಾಲ್‌ನಲ್ಲಿ ಎಷ್ಟಿತ್ತು ಗೊತ್ತಾ? 29.5. ಮಧ್ಯೆ ಇದ್ದದ್ದು ಒಂದು ಬಾಗಿಲು ಮಾತ್ರ.

ಹಾಗಾದರೆ ಓದುವ ಕ್ರಮ ಇದು. ಒಳಗೆ ಬರುವ ಗಾಳಿಯೇ ಬಿಸಿ ಇದ್ದರೆ ರೂಮನ್ನು ನೋಡಿ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಐದು ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಫ್ಯಾನ್, ಪೈಪ್ ನೋಡಿ. ಹೊರಗೆ ಹೋಗುವ ಗಾಳಿಗಿಂತ ಗಿಡದ ಹತ್ತಿರವೇ ಬಿಸಿ ಜಾಸ್ತಿ ಇದ್ದರೆ ಗಾಳಿ ಅಡ್ಡದಾರಿ ಹಿಡಿದಿದೆ.

ಒಳಗೆ ಬರುವ ಗಾಳಿಯೇ ಬಿಸಿ

ತುಂಬಾ ಮನೆಗಳಲ್ಲಿ ಇರುವುದು ಇದೇ ತೊಂದರೆ. ಪೈಪನ್ನು ಟೆಂಟ್‌ನ ಮೇಲಿನಿಂದ ತೆಗೆದು ಅದೇ ರೂಮಿಗೆ ಬಿಟ್ಟಿರುತ್ತಾರೆ. ಟೆಂಟ್ ಉಗುಳಿದ ಬಿಸಿಗಾಳಿಯನ್ನು ಟೆಂಟೇ ಮತ್ತೆ ಕುಡಿಯುತ್ತದೆ. 240 ವಾಟ್ ದೀಪ 14 ಗಂಟೆ ಉರಿದರೆ ದಿನಕ್ಕೆ ಮೂರೂಕಾಲು ಯೂನಿಟ್ ದಾಟುತ್ತದೆ. ಎಲ್‌ಇಡಿ ತಣ್ಣಗಿರುತ್ತೆ ಅನ್ನುವುದು ಅರ್ಧ ಸತ್ಯ. ಅದರ ಬೆಳಕು ಕೂಡ ಎಲೆಗೆ, ಗೋಡೆಗೆ, ಮಣ್ಣಿಗೆ ಬಿದ್ದು ಕೊನೆಗೆ ಬಿಸಿಯೇ ಆಗುತ್ತದೆ. ಗಿಡ ತನ್ನ ಬೆಳವಣಿಗೆಗೆ ಹಿಡಿದಿಟ್ಟುಕೊಳ್ಳುವುದು ತೀರಾ ಸ್ವಲ್ಪ. ಹಾಗಾಗಿ ಬಾಗಿಲು ಮುಚ್ಚಿದ ಚಿಕ್ಕ ರೂಮಿನಲ್ಲಿ 240 ವಾಟ್‌ನ ಹೀಟರ್ ಹಗಲಿಡೀ ಉರಿಯುತ್ತಿದೆ ಅಂತಲೇ ಲೆಕ್ಕ ಹಾಕಿ.

ಪೈಪನ್ನು ಕಿಟಕಿಗೆ ಒಯ್ದೆ. ನಮ್ಮದು ಸ್ಲೈಡಿಂಗ್ ಕಿಟಕಿ. ಅರ್ಧ ಅಡಿ ಸರಿಸಿ, ಸಂದಿಯಲ್ಲಿ ಪೈಪಿನ ಬಾಯಿ ಇಟ್ಟು, ಗೆದ್ದೆ ಅಂದುಕೊಂಡೆ. ಮರುದಿನ ಅಳೆದರೆ ಒಳಗೆ ಬರುವ ಗಾಳಿ 32. ಅಷ್ಟೇನಾ!

ಆಗ ಊದುಬತ್ತಿ ಹಚ್ಚಿದೆ. ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ದೇವರ ಮನೆ ಆ ಕಡೆ ಇರೋದು ಕಣೋ, ಸೊಪ್ಪಿಗೆ ಪೂಜೆ ಮಾಡ್ತಿದ್ದೀಯಾ?" ಅಂದರು. ಕಡ್ಡಿಯನ್ನು ಕಿಟಕಿಯ ಸಂದಿಯ ಉದ್ದಕ್ಕೂ ನಿಧಾನ ಮೇಲಿನಿಂದ ಕೆಳಗೆ ಇಳಿಸಿದೆ. ಪೈಪಿನ ಬಾಯಿಯ ಎದುರು ಹೊಗೆ ಹೊರಗೆ ಓಡಿತು, ಸರಿ. ಪೈಪಿಗಿಂತ ಒಂದು ಗೇಣು ಕೆಳಗೆ ತಂದಾಗ ಹೊಗೆ ಕ್ಷಣ ನೇರ ನಿಂತು, ಮೆಲ್ಲಗೆ ಬಾಗಿ, ರೂಮಿನ ಒಳಗೆ ಎಳೆಯಿತು. ಬಾಗಿಲು ಮುಚ್ಚಿತ್ತಲ್ಲ! ಫ್ಯಾನ್ ರೂಮಿನಿಂದ ಗಾಳಿ ಎಳೆದು ಹೊರಗೆ ಹಾಕುತ್ತಿದೆ, ರೂಮಿಗೆ ಬೇರೆ ಗಾಳಿ ಬರಲು ದಾರಿ ಇಲ್ಲ, ಹಾಗಾಗಿ ಅದೇ ಕಿಟಕಿಯ ಸಂದಿಯಿಂದ ಆ ಬಿಸಿಗಾಳಿಯೇ ತಿರುಗಿ ಒಳಗೆ ನುಗ್ಗುತ್ತಿದೆ.

ಎರಡು ಕೆಲಸ ಮಾಡಿದೆ. ಕಿಟಕಿಯ ಸಂದಿಯ ಅಳತೆಗೆ ಪ್ಲೈವುಡ್ ಪಟ್ಟಿ ಕತ್ತರಿಸಿ, 6 ಇಂಚಿನ ತೂತು ಮಾಡಿಸಿ, ಪೈಪನ್ನು ಅದಕ್ಕೆ ಸಿಕ್ಕಿಸಿ ಸುತ್ತ ಫೋಮ್ ಟೇಪ್ ಒತ್ತಿದೆ. ಪ್ಲೈವುಡ್ ಬದಲು ಗಟ್ಟಿ ಥರ್ಮೋಕೋಲೂ ನಡೆಯುತ್ತದೆ, ಮಳೆಗಾಲದವರೆಗೆ. ಇನ್ನೊಂದು, ರೂಮಿನ ಬಾಗಿಲನ್ನು ಅರ್ಧ ಅಡಿ ತೆರೆದಿಟ್ಟು ಅಲುಗಾಡದ ಹಾಗೆ ಕೆಳಗೆ ಮರದ ತುಂಡು ಕೊಟ್ಟೆ. ಈಗ ಹಾಲ್‌ನ ಗಾಳಿ ಬರಲೇಬೇಕು. ಟೆಂಟ್‌ಗೆ ಬರುವ ಗಾಳಿ 29.5ಕ್ಕೆ ಇಳಿಯಿತು.

ಇಲ್ಲಿ ಒಂದು ಮೋಸ ಇದೆ. ಹಾಲ್‌ನ ತಂಪು ಅಕ್ಷಯಪಾತ್ರೆ ಅಲ್ಲ. ನೀವು ಎಷ್ಟು ಗಾಳಿ ಹೊರಗೆ ಹಾಕುತ್ತೀರೋ ಅಷ್ಟೇ ಗಾಳಿ ಮನೆಯೊಳಗೆ ಎಲ್ಲಿಂದಲೋ ಬರುತ್ತದೆ. ಹೊರಗೆ 34 ಇರುವ ಮಧ್ಯಾಹ್ನ ಎರಡು ಮೂರು ಗಂಟೆ ಹೀಗೆ ಓಡಿಸಿದರೆ ಹಾಲೂ ಕಾಯುತ್ತದೆ. ಆಮೇಲೆ ಬೈಗುಳ ಕೇಳುವವರು ನೀವೇ. ಇದಕ್ಕೆ ನಾನು ಕಂಡುಕೊಂಡ ಪರಿಹಾರಕ್ಕೆ ಪೈಸೆ ಖರ್ಚಿಲ್ಲ. ದೀಪದ ಹೊತ್ತು ಬದಲಿಸಿದೆ. ಸಂಜೆ 6ಕ್ಕೆ ಹಚ್ಚಿ ಬೆಳಗ್ಗೆ 8ಕ್ಕೆ ಆರಿಸುವುದು. ಗಿಡಕ್ಕೆ ಹಗಲು ರಾತ್ರಿ ಯಾವಾಗ ಅಂತ ದೀಪವೇ ಹೇಳಬೇಕು, ಗಡಿಯಾರ ಅಲ್ಲ. ಬೆಂಗಳೂರಿನಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಹೊರಗೆ 22ರ ಆಸುಪಾಸಿಗೆ ಇಳಿಯುತ್ತದೆ. ನಡುರಾತ್ರಿ ಹಾಲ್ 26.5, ಟೆಂಟ್ ಸುಮಾರು 28. ಒಂದೇ ಒಂದು ತಗಾದೆ: ಟೆಂಟ್‌ನ ಪಕ್ಕದ ರೂಮಿನಲ್ಲಿ ಮಲಗುವವರಿಗೆ ಫ್ಯಾನ್ ಸದ್ದು ಕೇಳಿಸುತ್ತದೆ. ಫ್ಯಾನನ್ನು ಟೆಂಟ್‌ನ ಕಂಬಿಗೆ ಬಿಗಿಯುವ ಬದಲು ರಬ್ಬರ್ ಹಗ್ಗದಲ್ಲಿ ತೂಗುಹಾಕಿದರೆ ಅರ್ಧ ಸದ್ದು ಹೋಗುತ್ತದೆ.

ಎಸಿ ಇರುವ ರೂಮಿಗೆ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ಪೈಪನ್ನು ಹೊರಗೆ ಬಿಡಲೇಬೇಡಿ. ಎಸಿ ತಂಪು ಮಾಡಿದ ಗಾಳಿಯನ್ನು ಕಿಟಕಿಯಿಂದ ಎಸೆದ ಹಾಗೆ. ಒಂದು ಟನ್ ಎಸಿ ಸುಮಾರು 3500 ವಾಟ್ ಬಿಸಿ ಹೊರಹಾಕಬಲ್ಲದು. 240 ವಾಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಟೆಂಟ್‌ನ ಗಾಳಿಯನ್ನು ರೂಮಿಗೇ ಬಿಡಿ, ಎಸಿ ನೋಡಿಕೊಳ್ಳುತ್ತದೆ.

ಗೋಣಿಚೀಲ ಒದ್ದೆ ಮಾಡಿ ಕೆಳಗಿನ ಬಾಯಿಯ ಮುಂದೆ ತೂಗುಹಾಕುವುದು, ಕೂಲರ್ ಇಡುವುದು, ಇವೆಲ್ಲ ಒಣಹವೆಯ ಆಟ. ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನಕ್ಕೂ ಪರವಾಗಿಲ್ಲ. ಮಂಗಳೂರು, ಉಡುಪಿಯವರು ಕೈ ಹಾಕಬೇಡಿ. ಅಲ್ಲಿನ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ಶಾಖ ಇಳಿಯುವುದಿಲ್ಲ, ಬೂಸ್ಟು ಮಾತ್ರ ಬರುತ್ತದೆ.

ಗಾಳಿ ಸಾಕಷ್ಟು ಹೋಗುತ್ತಿಲ್ಲ

ನಿಮ್ಮ ಫ್ಯಾನ್ ನಿಜವಾಗಿ ಎಷ್ಟು ಗಾಳಿ ತಳ್ಳುತ್ತಿದೆ? ಡಬ್ಬಿಯ ಮೇಲಿನ ಅಂಕಿಯನ್ನು ಮರೆತುಬಿಡಿ. ಅದು ಮುಂದೆ ಹಿಂದೆ ಏನೂ ಇಲ್ಲದೆ ಮೇಜಿನ ಮೇಲೆ ತಿರುಗಿದಾಗಿನ ಲೆಕ್ಕ. ಅಳೆಯುವುದಕ್ಕೆ ಬೇರೆ ಉಪಕರಣವೂ ಬೇಡ. ದೀಪ ಎಷ್ಟು ವಾಟ್ ಅಂತ ಗೊತ್ತು, ಗಾಳಿ ಎಷ್ಟು ಡಿಗ್ರಿ ಬಿಸಿಯಾಗಿ ಹೊರಗೆ ಬಂತು ಅಂತಲೂ ಗೊತ್ತು. ವಾಟನ್ನು ಎರಡರಿಂದ ಗುಣಿಸಿ, ಆ ಡಿಗ್ರಿ ಅಂತರದಿಂದ ಭಾಗಿಸಿ. ಬರುವುದೇ ಸಿಎಫ್‌ಎಂ. ನನ್ನದು 240ರ ಎರಡರಷ್ಟು 480. 35.4ರಲ್ಲಿ 32.8 ಕಳೆದರೆ 2.6. ಭಾಗಿಸಿದರೆ 185. ಡಬ್ಬಿ ಹೇಳಿದ್ದು 400, ಟೆಂಟ್‌ಗೆ ಸಿಕ್ಕಿದ್ದು ಅದರ ಅರ್ಧಕ್ಕಿಂತ ಕಮ್ಮಿ.

ಆ ಎರಡು ಅನ್ನುವುದು ಬೆಂಗಳೂರಿನ ಎತ್ತರಕ್ಕೆ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಇರುವುದರಿಂದ ಇಲ್ಲಿನ ಗಾಳಿ ಶೇಕಡಾ 10ರಷ್ಟು ತೆಳು. ತೆಳು ಗಾಳಿ ಹೊರುವ ಬಿಸಿಯೂ ಕಮ್ಮಿ. ಕರಾವಳಿಯಲ್ಲಿ 1.8 ಹಾಕಿಕೊಳ್ಳಿ. ಗಿಡ ತುಂಬಿದ ಟೆಂಟ್‌ನಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಎಲೆಗಳು ಬೆವರಿ ಒಂದಿಷ್ಟು ಬಿಸಿಯನ್ನು ನುಂಗುತ್ತವೆ. ಕುಂಡಗಳನ್ನು ಹೊರಗಿಟ್ಟು ಖಾಲಿ ಟೆಂಟ್‌ನಲ್ಲಿ ಅಳೆದರೆ ಹೆಚ್ಚು ನಂಬಿಕಸ್ತ.

ಅಂಕಿ ಕಮ್ಮಿ ಬಂತು ಅಂದುಕೊಳ್ಳಿ. ಮೊದಲು ಟೆಂಟ್‌ನ ಬಟ್ಟೆ ನೋಡಿ. ಎಲ್ಲ ಜಿಪ್ ಹಾಕಿ, ಫ್ಯಾನ್ ಓಡುತ್ತಿರುವಾಗ ಗೋಡೆಗಳು ಸ್ವಲ್ಪ ಒಳಗೆ ಸೆಳೆದುಕೊಂಡಿರಬೇಕು. ಹೊಟ್ಟೆ ಒಳಗೆ ಎಳೆದುಕೊಂಡ ಹಾಗೆ, ತುಸುವೇ. ಕಂಬಿಗಳೇ ಬಾಗುವಷ್ಟು ಎಳೆದಿದ್ದರೆ ಒಳಗೆ ಬರುವ ದಾರಿ ಕಿರಿದು. ಕೆಳಗಿನ ಇನ್ನೊಂದು ಬಾಯಿ ತೆರೆಯಿರಿ. ಒಳಗೆ ಬರುವ ದಾರಿಗಳ ಒಟ್ಟು ಅಳತೆ ಹೊರಹೋಗುವ ಪೈಪಿನ ಎರಡರಷ್ಟಾದರೂ ಇರಲಿ. ಆ ಬಾಯಿಗಳಿಗೆ ಸೊಳ್ಳೆ ಪರದೆಯಂಥ ಬಲೆ ಇರುತ್ತದೆ. ನನ್ನದಕ್ಕೆ ಬೆರಳಾಡಿಸಿದರೆ ಬೂದು ಬಣ್ಣದ ಕಂಬಳಿಯೇ ಎದ್ದು ಬಂತು. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ, ಕೇಳಬೇಕಾ. ಹಳೇ ಟೂತ್‌ಬ್ರಶ್, ಸೋಪಿನ ನೀರು, ಹತ್ತು ನಿಮಿಷದ ಕೆಲಸ.

ಗೋಡೆ ಒಳಗೆ ಸೆಳೆದೇ ಇಲ್ಲವಾ? ಹಾಗಾದರೆ ಫ್ಯಾನ್ ಎಳೆಯುತ್ತಿಲ್ಲ, ಇಲ್ಲವೇ ಎಲ್ಲೋ ದೊಡ್ಡ ಸಂದಿ ಇದೆ. ಹೊರಗೆ ಉಬ್ಬಿದ್ದರೆ ಫ್ಯಾನ್ ಉಲ್ಟಾ ಕೂತಿದೆ. ನಗಬೇಡಿ, ಇನ್‌ಲೈನ್ ಫ್ಯಾನ್ ಎರಡು ಕಡೆಯೂ ಒಂದೇ ತರ ಕಾಣುತ್ತದೆ. ಮೈ ಮೇಲೆ ಬಾಣದ ಗುರುತು ಇರುತ್ತದೆ, ಟಾರ್ಚ್ ಹಿಡಿದು ನೋಡಿ.

ಇನ್ನು ಫಿಲ್ಟರ್. ನನ್ನ ದೊಡ್ಡ ಪೆದ್ದುತನ ಇಲ್ಲೇ. ಕಾರ್ಬನ್ ಫಿಲ್ಟರ್ ಇರುವುದು ವಾಸನೆ ಹಿಡಿಯುವುದಕ್ಕೆ. ಲೆಟ್ಯೂಸ್‌ಗೆ ಯಾವ ವಾಸನೆ? ಬೇಸಿಲ್ ವಾಸನೆ ಮನೆಯಲ್ಲಿ ಬಂದರೆ ಒಳ್ಳೆಯದೇ ಅಲ್ವಾ. ಕಿಟ್‌ನಲ್ಲಿ ಬಂತು ಅಂತ ಸುಮ್ನೆ ಹಾಕಿದ್ದೆ. ಅಷ್ಟು ದಪ್ಪ ಇದ್ದಿಲಿನ ಪದರದ ಮೂಲಕ ಗಾಳಿ ಎಳೆಯಲು ಫ್ಯಾನ್ ಏದುಸಿರು ಬಿಡುತ್ತಿತ್ತು. ತೆಗೆದು ಹಾಕಿದೆ. ಪೈಪನ್ನೂ ನೋಡಿದೆ: ಬೇಕಿದ್ದದ್ದು ಐದು ಅಡಿ, ಇದ್ದದ್ದು ಹನ್ನೆರಡು, ಹೆಬ್ಬಾವಿನ ಹಾಗೆ ಟೆಂಟ್ ಮೇಲೆ ಸುತ್ತಿ ಮಲಗಿತ್ತು. ಮಡಿಕೆ ಮಡಿಕೆ ಇರುವ ಅಲ್ಯೂಮಿನಿಯಂ ಪೈಪನ್ನು ಪೂರ್ತಿ ಎಳೆದು, ಮಿಕ್ಕಿದ್ದನ್ನು ಕತ್ತರಿಸಿ, ಒಂದೇ ಒಂದು ತಿರುವು ಉಳಿಸಿದೆ. ಆ ತಿರುವೂ ಮೊಣಕೈಯ ಹಾಗೆ ಮುರಿದಿರಬಾರದು, ಬಳೆಯ ಹಾಗೆ ಬಳುಕಿರಬೇಕು. ಮತ್ತೆ ಅಳೆದರೆ ಅಂತರ 1.8 ಡಿಗ್ರಿ. ಅಂದರೆ 267 ಸಿಎಫ್‌ಎಂ. ಅದೇ ಫ್ಯಾನ್. ಬಹುಶಃ ಹಳೆಯ 4 ಇಂಚಿನದ್ದೇ ಸಾಕಿತ್ತು, ಆ ಮಾತು ಮನೆಯಲ್ಲಿ ಹೇಳಿಲ್ಲ.

ಜೂನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಅಂತರ ಏರಿದರೆ ಗಾಳಿಯ ದಿಕ್ಕು ನೋಡಿ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಪೈಪಿನ ಬಾಯಿ ಆ ಕಡೆಗಿದ್ದರೆ ಹೊರಗಿನ ಗಾಳಿ ಫ್ಯಾನ್‌ಗೆ ಎದುರು ನಿಂತು ತಳ್ಳುತ್ತದೆ. ಬಾಯಿಗೆ ಕೆಳಮುಖವಾದ ಒಂದು ಬೆಂಡ್ ಹಾಕಿದರೆ ಗಾಳಿಯೂ ನೇರ ಹೊಡೆಯುವುದಿಲ್ಲ, ಮಳೆನೀರೂ ಪೈಪಿನೊಳಗೆ ಇಳಿಯುವುದಿಲ್ಲ.

ಎಲೆಯ ಹತ್ತಿರ ಮಾತ್ರ ಬಿಸಿ

ಹೊರಹೋಗುವ ಗಾಳಿ 30, ಗಿಡದ ಹತ್ತಿರ 32. ಇದು ನೋಡಲು ವಿಚಿತ್ರ. ಊದುಬತ್ತಿಯನ್ನೇ ಮತ್ತೆ ಹಿಡಿಯಿರಿ. ಮೇಲಿನ ಯಾವುದೋ ಬಾಯಿಯ ದಾರ ಸಡಿಲ ಇರುತ್ತದೆ. ರೂಮಿನ ಗಾಳಿ ಅಲ್ಲಿಂದ ಒಳಗೆ ಬಂದು, ಪಕ್ಕದಲ್ಲೇ ಇರುವ ಫ್ಯಾನ್‌ಗೆ ಸೇರಿ, ಗಿಡದ ಮುಖವನ್ನೂ ನೋಡದೆ ಹೊರಟುಹೋಗುತ್ತದೆ. ಮೇಲಿನ ಬಾಯಿಗಳನ್ನು ಬಿಗಿಯಾಗಿ ಕಟ್ಟಿ. ಗಾಳಿ ಕೆಳಗಿನಿಂದ ಬಂದು, ಗಿಡಗಳನ್ನು ದಾಟಿ, ಮೇಲಿನ ಎದುರು ಮೂಲೆಯಿಂದ ಹೋಗಬೇಕು. ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಡಬ್ಬಿ ಬೇರೆ ಮಾಡಲು ಬಂದರೆ ಟೆಂಟ್‌ನ ಹೊರಗೆ ಇಡಿ. 240 ವಾಟ್ ದೀಪದಲ್ಲಿ ಅದೊಂದೇ 20 ವಾಟ್ ಆಸುಪಾಸು ಬಿಸಿ ಬಿಡುತ್ತದೆ.

ದೀಪ ಆರಿದ ಮೇಲೆ

ಬೇಸಿಗೆಯ ತೊಂದರೆ ಶಾಖ. ಮಳೆಗಾಲದ್ದು ತೇವ. ಅದು ಬರುವುದು ದೀಪ ಆರಿದ ಮೇಲೆ, ನೀವು ನೋಡದೆ ಇರುವಾಗ.

24 ಡಿಗ್ರಿಯ, ಶೇಕಡಾ 90 ತೇವದ ಗಾಳಿ ಟೆಂಟ್‌ಗೆ ಬಂದಿತು ಅನ್ನಿ. ದೀಪ ಉರಿಯುವಾಗ ಅದು 28ಕ್ಕೆ ಕಾಯುತ್ತದೆ. ಗಿಡದ ಬೆವರು ಸೇರದಿದ್ದರೆ, ಕಾದ ಗಾಳಿಯ ತೇವಾಂಶ ಅಷ್ಟರಿಂದಲೇ 71ಕ್ಕೆ ಇಳಿಯುತ್ತದೆ. ಮೀಟರ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ. ದೀಪ ಆರಿತು. ಶಾಖ ಇಳಿಯಿತು. ಶಾಖ ನೋಡಿ ಫ್ಯಾನ್ ಹಚ್ಚಿ ಆರಿಸುವ ಥರ್ಮೋಸ್ಟಾಟ್, ತಂಪಾಯಿತು ಅಂತ ಫ್ಯಾನನ್ನೂ ನಿಲ್ಲಿಸಿತು. ಎಲೆಗಳು, ಒದ್ದೆ ಮಣ್ಣು ಬಿಟ್ಟ ಆವಿ ಒಳಗೇ ಉಳಿಯಿತು. ದೀಪ ಹಚ್ಚುವ ಹೊತ್ತಿಗೆ ಗೋಡೆಯಲ್ಲಿ ನೀರ ಹನಿ, ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ರೋಗ. ಕಾರಣ ಏನು? ಫ್ಯಾನನ್ನು ಶಾಖಕ್ಕೆ ಮಾತ್ರ ಕಟ್ಟಿದ್ದು. ದೀಪ ಆರಿದ ಮೇಲೂ ಫ್ಯಾನ್ ನಿಧಾನ ವೇಗದಲ್ಲಿ ಓಡುತ್ತಲೇ ಇರಲಿ. ನೀರು ಹಾಕುವುದನ್ನು ದೀಪ ಹಚ್ಚಿದ ಮೊದಲ ಎರಡು ಗಂಟೆಯಲ್ಲಿ ಮುಗಿಸಿ.

ಹೊರಗಿನ ಗಾಳಿಯೇ ಶೇಕಡಾ 90 ಇರುವ ಜುಲೈನಲ್ಲಿ ಫ್ಯಾನ್ ಒಂದರಿಂದ ಆಗುವುದಿಲ್ಲ. ಆಗ ದೀಪವನ್ನು ರಾತ್ರಿಯ ತಂಪು ಹೊತ್ತಿಗೆ ಇಟ್ಟುಕೊಂಡರೆ ಅದೇ ಒಣಗಿಸುವ ಹೀಟರ್ ಆಗುತ್ತದೆ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಕೊಳ್ಳುವ ಯೋಚನೆ ಇದ್ದರೆ ಒಂದು ಲೆಕ್ಕ ತಿಳಿದಿರಲಿ: ಅದು ಒಂದು ಲೀಟರ್ ನೀರು ಹಿಡಿದರೆ, ಆ ಆವಿ ನೀರಾಗುವಾಗ ಬಿಡುವ ಬಿಸಿಯೇ ಸುಮಾರು 0.68 ಯೂನಿಟ್. ಅದರ ಮೇಲೆ ಮಿಷಿನ್ ತಿನ್ನುವ ಕರೆಂಟ್ ಬೇರೆ. ಎಲ್ಲವೂ ಅದೇ ರೂಮಿಗೆ ಬೀಳುತ್ತದೆ. ಟೆಂಟ್‌ನೊಳಗೆ ಅಂತೂ ಇಡಲೇಬೇಡಿ.

ಕಂಟ್ರೋಲರ್, ರೆಗ್ಯುಲೇಟರ್, ಇನ್ವರ್ಟರ್

ಫ್ಯಾನ್ ನಿಮಿಷಕ್ಕೊಮ್ಮೆ ಹತ್ತಿ ಆರುತ್ತಿದ್ದರೆ ಥರ್ಮೋಸ್ಟಾಟ್‌ನ ಅಂತರ (ಫ್ಯಾನ್ ಹಚ್ಚುವ ಡಿಗ್ರಿಗೂ ಆರಿಸುವ ಡಿಗ್ರಿಗೂ ನಡುವಿನದು) ತೀರಾ ಕಮ್ಮಿ ಇದೆ. 27ಕ್ಕೆ ಇಟ್ಟು, ಅಂತರ 0.5 ಇದ್ದರೆ ಹೀಗಾಗುತ್ತದೆ. 1.5 ಮಾಡಿ. ಕರೆಂಟ್ ಬಂದ ಮೇಲೂ ಮೂರ್ನಾಲ್ಕು ನಿಮಿಷ ಫ್ಯಾನ್ ಏಳದಿದ್ದರೆ ಅದು ಕೆಟ್ಟಿಲ್ಲ. ಈ ಅಗ್ಗದ ಥರ್ಮೋಸ್ಟಾಟ್‌ಗಳು ಮೂಲದಲ್ಲಿ ಫ್ರಿಜ್‌ಗಾಗಿ ಮಾಡಿದವು. ಕಂಪ್ರೆಸರ್ ಕಾಪಾಡಲು ತಡೆದು ಹಚ್ಚುವ ಸೆಟ್ಟಿಂಗ್ ಇರುತ್ತದೆ. ಅದನ್ನು ಒಂದು ನಿಮಿಷಕ್ಕೆ ಇಳಿಸಿ.

ನಿಧಾನ ವೇಗದಲ್ಲಿ ಫ್ಯಾನ್ ದುಂಬಿಯ ಹಾಗೆ ಗುಂಯ್‌ಗುಟ್ಟಿ ಮೈ ಬಿಸಿ ಮಾಡಿಕೊಂಡರೆ, ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ತಿರುಗಿಸುವ ಅಗ್ಗದ ಡಿಮ್ಮರ್‌ಗಳು ಕರೆಂಟಿನ ಅಲೆಯನ್ನು ಕತ್ತರಿಸುತ್ತವೆ, ಮೋಟಾರಿಗೆ ಅದು ಹಿಡಿಸುವುದಿಲ್ಲ. ತನ್ನದೇ ಕಂಟ್ರೋಲರ್ ಜೊತೆ ಬರುವ ಇಸಿ ಮೋಟಾರ್ (ಎಲೆಕ್ಟ್ರಾನಿಕ್ ಸರ್ಕ್ಯೂಟ್‌ನಿಂದ ಓಡುವ ಮೋಟಾರ್) ಫ್ಯಾನ್‌ಗೆ ಹೊರಗಿನ ರೆಗ್ಯುಲೇಟರ್ ಹಾಕಲೇಬೇಡಿ, ಸುಟ್ಟೀತು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಿದರೂ ಇದೇ ಗುಂಯ್ ಸದ್ದು.

ಇನ್ವರ್ಟರ್ ಇರುವವರು ಯಾವ ಪ್ಲಗ್ ಯಾವ ಲೈನಿನಲ್ಲಿದೆ ಅಂತ ಇವತ್ತೇ ನೋಡಿ. ಮೇನ್ಸ್ ಆರಿಸಿ ಒಂದು ಸಲ ಪರೀಕ್ಷಿಸಿ. ದೀಪ ಇನ್ವರ್ಟರ್ ಮೇಲೂ ಫ್ಯಾನ್ ಸಾದಾ ಲೈನಿನ ಮೇಲೂ ಇದ್ದರೆ, ಕರೆಂಟ್ ಹೋದಾಗ ಟೆಂಟ್ ಒಲೆಯಾಗುತ್ತದೆ. ಇರಬೇಕಾದ್ದು ಅದರ ಉಲ್ಟಾ. ದೀಪ ಎರಡು ಗಂಟೆ ಆರಿದರೆ ಗಿಡಕ್ಕೆ ಏನೂ ಆಗುವುದಿಲ್ಲ. ಪ್ಲಗ್‌ಬೋರ್ಡನ್ನು ನೆಲದ ಮೇಲೆ ಬಿಡದೆ ಗೋಡೆಗೆ ಏರಿಸಿ. ನೀರು ಹಾಕುವ ಜಾಗ ಇದು.

ಶಾಖ ಸರಿ ಇದೆ, ಗಿಡ ಸರಿ ಇಲ್ಲ

ಅಂಕಿಗಳೆಲ್ಲ ಚೆನ್ನಾಗಿದ್ದು, ಲೆಟ್ಯೂಸ್‌ನ ಒಳಗಿನ ಎಳೆ ಎಲೆಗಳ ಅಂಚು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ಹಾಗಿದೆಯಾ? ಗೊಬ್ಬರಕ್ಕೆ ಕ್ಯಾಲ್ಸಿಯಂ ಸುರಿಯುವ ಮೊದಲು ಗಾಳಿ ನೋಡಿ. ಎಲೆ ಬೆವರಿದರೆ ಮಾತ್ರ ಬೇರಿನಿಂದ ನೀರು ಮೇಲೇರುತ್ತದೆ, ಕ್ಯಾಲ್ಸಿಯಂ ಆ ನೀರಿನ ಜೊತೆಗೇ ಬರಬೇಕು. ನಡುವಿನ ಎಲೆಗಳು ಮುದುರಿಕೊಂಡು ಕೂತಿರುವುದರಿಂದ ಅಲ್ಲಿ ಗಾಳಿ ಆಡುವುದಿಲ್ಲ, ಬೆವರೂ ಇಲ್ಲ. ಹೊರಹಾಕುವ ಫ್ಯಾನ್ ಇದನ್ನು ಸರಿಮಾಡುವುದಿಲ್ಲ. ಒಂದು ಸಣ್ಣ ಕ್ಲಿಪ್ ಫ್ಯಾನ್ ಮೇಲಿನಿಂದ ಗಿಡದ ನಡುವಿಗೆ ಮೆಲ್ಲಗೆ ಊದಲಿ. ಎಲೆ ಸಣ್ಣಗೆ ನಡುಗಿದರೆ ಸಾಕು, ಬಡಿದಾಡಬಾರದು.

ಹೈಡ್ರೋಪೋನಿಕ್ಸ್‌ನವರು, ಅಂದರೆ ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವವರು, ನೀರಿನ ಟ್ಯಾಂಕಿಗೂ ಥರ್ಮಾಮೀಟರ್ ಇಳಿಸಿ. ಗಾಳಿ 27 ಇದ್ದರೂ ದೀಪದ ಕೆಳಗಿನ ಕಪ್ಪು ಟ್ಯಾಂಕಿನ ನೀರು 30 ದಾಟಿರಬಹುದು. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ 7.5 ಮಾತ್ರ. ಬೇರು ಕಂದಾಗಿ ಲೋಳೆಯಾದರೆ ಕಾರಣ ಅಲ್ಲೇ ಇರುತ್ತದೆ. ಟ್ಯಾಂಕನ್ನು ಟೆಂಟ್‌ನ ಹೊರಗೆ, ತಣ್ಣನೆಯ ನೆಲದ ಮೇಲೆ ಇಡಿ. ಆಗದಿದ್ದರೆ ಬಿಳಿ ಬಟ್ಟೆ ಸುತ್ತಿ.

ನನ್ನ ಲೆಟ್ಯೂಸ್ ಕಥೆ ಏನಾಯಿತು? ರೂಮು ಸರಿಯಾಯಿತು, ಪೈಪ್ ಸರಿಯಾಯಿತು, ರಾತ್ರಿ ದೀಪ ಬಂತು, ಟೆಂಟ್ 28ಕ್ಕೆ ನಿಂತಿತು. ಆದರೂ ಏಪ್ರಿಲ್‌ನ ಲೆಟ್ಯೂಸ್ ದಂಟು ಬಿಡುವುದು ನಿಲ್ಲಲಿಲ್ಲ. ಅದಕ್ಕೆ ಬೇಕಾದ್ದು 16ರಿಂದ 24 ಡಿಗ್ರಿ. ಎಸಿ ಇಲ್ಲದೆ ಬೆಂಗಳೂರಿನ ಬೇಸಿಗೆಯಲ್ಲಿ ಅದನ್ನು ಯಾವ ಫ್ಯಾನೂ ಕೊಡುವುದಿಲ್ಲ. ಮೇಲಾಗಿ ಉದ್ದ ಹಗಲು ಕಂಡರೆ ಲೆಟ್ಯೂಸ್‌ಗೆ ಹೂ ಬಿಡುವ ಆತುರ. 14 ಗಂಟೆಯ ದೀಪವನ್ನು 12ಕ್ಕೆ ಇಳಿಸಿದ್ದರಿಂದ ಒಂದು ವಾರ ತಡವಾಯಿತು, ಅಷ್ಟೇ. ಈಗ ಮಾರ್ಚ್‌ನಿಂದ ಮೇವರೆಗೆ ಬೇಸಿಲ್ ಮತ್ತು ಹರಿವೆ ಹಾಕುತ್ತೇನೆ, ಎರಡಕ್ಕೂ 28 ಡಿಗ್ರಿ ಅಂದರೆ ಹಬ್ಬ. ಲೆಟ್ಯೂಸ್ ಬೀಜ ಫ್ರಿಜ್‌ನಲ್ಲಿ, ಮೊಸರಿನ ಡಬ್ಬಿಯ ಹಿಂದೆ, ಅಕ್ಟೋಬರ್‌ಗೆ ಕಾಯುತ್ತಿರುತ್ತದೆ.